ಮೈಕಣ್ಣನ ಸಿನಿಮಾಗಳಲ್ಲಿ ಯಾರೂ ಸಾಯುತ್ತಿರಲಿಲ್ಲ

ಮೈಕಣ್ಣನಿಗೆ ಆ ಹೆಸರು ಬಂದದ್ದು ಬಸ್ ನಿಲ್ದಾಣದಿಂದ. ಇಪ್ಪತ್ತೊಂಬತ್ತು ವರ್ಷಗಳಿಂದ ಅವನು ನಿಲ್ದಾಣದ ನಟ್ಟನಡುವಿನ ಗಾಜಿನ ಗೂಡಿನಲ್ಲಿ ಕುಳಿತು, ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ಹೊರಡುತ್ತದೆ, ಯಾವುದು ದಾರಿಯಲ್ಲೇ ಕೆಟ್ಟು ನಿಂತಿದೆ ಎಂದು ಮೈಕಿನಲ್ಲಿ ಹೇಳುತ್ತಿದ್ದ. ಆ ದನಿಯೋ, ಬಸ್ಸು ಒಂದೂವರೆ ಗಂಟೆ ತಡ ಎಂದರೂ ಜನಕ್ಕೆ ಸಿಟ್ಟು ಬರುತ್ತಿರಲಿಲ್ಲ. "ಅವನೇ ಹೇಳ್ತಿದಾನೆ ಅಂದ್ಮೇಲೆ ಏನೋ ಕಾರಣ ಇರುತ್ತೆ ಬಿಡು" ಎಂದು ಗಂಟುಮೂಟೆಯ ಮೇಲೆ ಕುಳಿತುಕೊಳ್ಳುತ್ತಿದ್ದರು.

ಮನೆಯಲ್ಲಿ ಮಾತ್ರ ಅವನು ಮಹಾ ಮೌನಿ. "ಊರಿಗೆಲ್ಲ ಮೈಕು, ನನಗೆ ಮೂಕು" ಎಂದು ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಂಡತಿ ಗೊಣಗುತ್ತಿದ್ದಳು. ಭಾನುವಾರ ಮಧ್ಯಾಹ್ನವಾದರೆ ಸಾಕು, ಮಹಡಿಯ ಕೋಣೆಯಿಂದ ಅಕ್ಕ ಇಳಿದು ಬರುತ್ತಿದ್ದಳು. ಅವಳ ಕೈ ಹಿಡಿದು ಅವನು ಸಿನಿಮಾಕ್ಕೆ ಹೊರಟರೆ ಮುಂದಿನ ಮೂರು ಗಂಟೆ ಅವನ ಬಾಯಿಗೆ ಬಿಡುವಿಲ್ಲ.

ಅಕ್ಕ ಅವನಿಗಿಂತ ಆರು ವರ್ಷ ದೊಡ್ಡವಳು. ಎರಡು ತುಂಬುವ ಮೊದಲೇ ಕಣ್ಣುಬೇನೆ ಬಂದು ಎರಡೂ ಕಣ್ಣು ಹೋಗಿದ್ದವು. ನೋಡಿದ ನೆನಪೆಂಬುದು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ನಾದುವ ಯಂತ್ರ ಬಂದ ಮೇಲೂ ಬೇಕರಿಯವರು ಅವಳನ್ನು ಕಳಿಸಿರಲಿಲ್ಲ, ಏಕೆಂದರೆ ಯಂತ್ರಕ್ಕೆ ನಾದುವುದು ಗೊತ್ತೇ ಹೊರತು 'ಸಾಕು' ಎನ್ನುವುದು ಗೊತ್ತಿರಲಿಲ್ಲ. ಅಕ್ಕ ಎರಡು ಬೆರಳು ಒತ್ತಿ, ಹಿಟ್ಟು ಹಿಂದಕ್ಕೆ ಏಳುವುದನ್ನು ಕಾದು, "ಇನ್ನೂ ನಿದ್ದೆಯಲ್ಲಿದೆ" ಎಂದೋ "ಎದ್ದಿದೆ, ಒಲೆಗೆ ಹಾಕಿ" ಎಂದೋ ಹೇಳಿದರೆ ಅದಕ್ಕೆ ಎರಡು ಮಾತಿಲ್ಲ.

ಮೈಕಣ್ಣ ಹದಿನಾಲ್ಕನೇ ವಯಸ್ಸಿನಲ್ಲಿ ಅವಳಿಗೆ ಮೊದಲ ಸಿನಿಮಾ ಹೇಳಿದ. ಅವರ ಅಮ್ಮ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಆ ಸಿನಿಮಾದಲ್ಲೂ ಒಬ್ಬ ತಾಯಿ ಸತ್ತಳು. ಹುಡುಗ ಕಂಡದ್ದನ್ನು ಕಂಡ ಹಾಗೆ ಅಕ್ಕನ ಕಿವಿಯಲ್ಲಿ ಹೇಳಿದ. ಅಕ್ಕ ಉಸಿರು ಕಟ್ಟಿಕೊಂಡು ಅತ್ತಳು, ಎದ್ದು ಹೊರಗೆ ಹೋಗಲು ದಾರಿ ತಿಳಿಯದೆ ಕುರ್ಚಿಗಳಿಗೆ ಡಿಕ್ಕಿ ಹೊಡೆದು ಬಿದ್ದಳು. ಅಂದೇ ಅವನು ನಿಶ್ಚಯಿಸಿದ್ದ, ಇನ್ನು ನನ್ನ ಸಿನಿಮಾಗಳಲ್ಲಿ ಯಾರೂ ಸಾಯುವುದಿಲ್ಲ ಎಂದು.

ಸಾಯಲಿಲ್ಲ ಕೂಡ. ಮೂವತ್ತೇಳು ವರ್ಷ ಒಂದು ನರಪಿಳ್ಳೆಯೂ ಸಾಯಲಿಲ್ಲ. ಗುಂಡು ತಗುಲಿದವನು ಚೇತರಿಸಿಕೊಂಡು ದೂರದ ಊರಿಗೆ ಹೋದ. ವಿಷ ಕುಡಿದವಳು ತಂಗಿಯ ಮನೆಗೆ ಹೋದಳು. ಪರದೆಯ ಮೇಲೆ ಹತ್ತು ಜನ ಬಾಯಿ ಬಡಿದುಕೊಂಡು ಅಳುತ್ತಿದ್ದರೆ, "ಇವರೆಲ್ಲ ಅವನು ಸತ್ತ ಅಂದ್ಕೊಂಡಿದಾರೆ ಅಕ್ಕ, ಅವನು ಬಾಗಿಲ ಹಿಂದೆ ನಿಂತು ನಗ್ತಿದಾನೆ" ಎನ್ನುತ್ತಿದ್ದ. ಸಿನಿಮಾದವರು ಯಾಕೆ ಇಷ್ಟೊಂದು ಪ್ರಯಾಣ ಮಾಡುತ್ತಾರೆಂದು ಅಕ್ಕನಿಗೆ ಆಗಾಗ ಅನ್ನಿಸುತ್ತಿತ್ತು. ಆದರೆ ತಮ್ಮನ ಕೆಲಸವೇ ಬಸ್ಸು ಹೊರಡಿಸುವುದಾದ್ದರಿಂದ ಲೋಕವೇ ಹಾಗಿರಬೇಕೆಂದು ಸುಮ್ಮನಾಗುತ್ತಿದ್ದಳು.

ಹೀಗಿರಲು ಒಂದು ಭಾನುವಾರ ಅವರು ಮಾಮೂಲಿನ ಚಿತ್ರಮಂದಿರಕ್ಕೆ ಹೋದರೆ ಅಲ್ಲಿ ಮಾಮೂಲಿನ ಸಿನಿಮಾ ಇರಲಿಲ್ಲ. ಚಿತ್ರಮಂದಿರದವರು ಆ ವಾರವನ್ನು ಯಾವುದೋ ಸಿನಿಮಾ ಸಂಘಕ್ಕೆ ಬಿಟ್ಟುಕೊಟ್ಟಿದ್ದರು. ಹೊರಗೆ ಒಂದೇ ಒಂದು ಪೋಸ್ಟರ್, ಅದರಲ್ಲಿ ಒಂದೇ ಒಂದು ಮೊಟ್ಟೆ.

"ನಗೆ ಸಿನಿಮಾ ಇರಬೇಕು" ಎಂದ ಮೈಕಣ್ಣ.

ಟಿಕೆಟ್ ಕೊಡುವವಳು ಅವರ ಹಳೆಯ ಪರಿಚಯದವಳು. "ಅಣ್ಣಾ, ಇದು ಬೇಡ. ಹುಟ್ಟು ಸಾವು ಅಂತ ಏನೋ ಪ್ರಯೋಗವಂತೆ. ಮಾತಿಲ್ಲ, ಹಾಡಿಲ್ಲ, ಮನುಷ್ಯರೇ ಇಲ್ಲ. ಕಥೆಗೆ ಕಾಲಿಲ್ಲ ಅಂತಾರಲ್ಲ, ಇದಕ್ಕೆ ಕಥೆಯೇ ಇಲ್ಲ. ಅಕ್ಕನಿಗೆ ಏನು ಹೇಳ್ತೀರಿ?"

ಅಕ್ಕ ನಕ್ಕಳು. "ಕಥೆ ಇಲ್ಲದ್ದು ಹೇಗಿರುತ್ತೆ ಅಂತಾನಾದ್ರೂ ನೋಡೋಣ ಬಾ. ಇಷ್ಟು ದೂರ ಬಂದಿದೀವಿ."

ಒಳಗೆ ಹನ್ನೊಂದು ಜನರಿದ್ದರು. ದೀಪ ಆರಿತು. ಪರದೆಯ ಮೇಲೆ ಏನೂ ಬರಲಿಲ್ಲ. ಅಕ್ಕ ಕಾದಳು.

"ಏನಿದೆ?"

"ಏನೂ ಇಲ್ಲ. ಬರೀ ಕತ್ತಲೆ."

"ಹಾಗಾದ್ರೆ ಇಬ್ಬರಿಗೂ ಸಮ" ಎಂದಳು ಅಕ್ಕ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮೂರು ನಿಮಿಷದ ಮೇಲೆ ಬೆಳಕು ಬಂತು. ಮೊಟ್ಟೆಯೊಂದರ ಚಿಪ್ಪಿನಲ್ಲಿ ಯಾರೋ ಉಗುರಿನಷ್ಟು ಕಿಟಕಿ ಕೊರೆದು ಒಳಗನ್ನು ತೋರಿಸುತ್ತಿದ್ದರು. ಮೈಕಣ್ಣನಿಗೆ ಬೇಸರ. "ಹಳದಿ ಇದೆ. ಹಳದಿನೇ ಇದೆ. ಇನ್ನೂ ಹಳದಿನೇ" ಎಂದು, ಬಸ್ಸು ಬಾರದ ದಿನದ ದನಿಯಲ್ಲಿ ಹೇಳುತ್ತ ಹೋದ. ಬಳಿಕ ಕೆಂಪು ಎಳೆಗಳು, ಕಪ್ಪು ಕಣ್ಣು, ಒದ್ದೆ ಪುಕ್ಕ. ಚಿಪ್ಪು ಒಡೆಯಿತು. ಬೆಳಕು ಪಟಪಟನೆ ಹಾರುತ್ತಿತ್ತು, ಏಕೆಂದರೆ ಒಂದೊಂದು ದಿನವನ್ನು ಒಂದೊಂದು ಗಳಿಗೆಗೆ ಕುಗ್ಗಿಸಿ ತೋರಿಸುತ್ತಿದ್ದರು. ಮರಿಯ ಮೇಲೆ ಮರದ ಕೊಂಬೆ ಮೂಡಿತು, ಎರಡೂ ಒಟ್ಟಿಗೇ ಕಾಣುತ್ತಿದ್ದವು. ಅದನ್ನು ಹೇಳುವುದು ಹೇಗೆಂದು ಅವನು ತಡಕಾಡಿದ.

"ಒಂದು ಅಂಗಿ ಮೇಲೆ ಇನ್ನೊಂದು ಅಂಗಿ ಹಾಕಿರ್ತೀವಲ್ಲ ಅಕ್ಕ, ಹಾಗೆ. ಆದರೆ ಒಳಗಿನದೂ ಕಾಣುತ್ತೆ, ಹೊರಗಿನದೂ ಕಾಣುತ್ತೆ."

"ಬಟ್ಟೆ ಬಿಡು. ಬೆಣ್ಣೆ ಹಾಕಿದ ಹಿಟ್ಟಿನ ಹಾಗೆ ಅನ್ನು. ಬೆಣ್ಣೆ ಬೇರೆ, ಹಿಟ್ಟು ಬೇರೆ, ಬೆರಳಿಗೆ ಎರಡೂ ಸಿಗುತ್ತೆ."

"ಹಾಂ, ಹಾಗೇ" ಎಂದ ಮೈಕಣ್ಣ, ಸ್ವಲ್ಪ ಚುರುಕಾಗಿ.

ಹಕ್ಕಿ ಗುಬ್ಬಿಗಿಂತ ದೊಡ್ಡದಾಯಿತು, ಪಾರಿವಾಳಕ್ಕಿಂತ ಚಿಕ್ಕದಾಗಿಯೇ ಉಳಿಯಿತು. ಹಾರಿತು, ಜೊತೆ ಕಟ್ಟಿತು, ಗೂಡಿಗೆ ಕಡ್ಡಿ ತಂದಿತು. ಒಂದು ದಿನ ನೆಲಕ್ಕೆ ಇಳಿದು, ರೆಕ್ಕೆ ಒರಗಿಸಿ, ಮತ್ತೆ ಏಳಲಿಲ್ಲ. ಮೈಕಣ್ಣನ ನಾಲಿಗೆ ಅಭ್ಯಾಸಬಲದಿಂದ ತಾನೇ ಮುಂದೆ ಹೋಯಿತು.

"ಹಾರಿ ಹೋಯ್ತು ಅಕ್ಕ. ದೂರ."

ಉಳಿದ ಸಿನಿಮಾಗಳಲ್ಲಾದರೆ ಇಂಥ ಹೊತ್ತಿಗೆ ವಾದ್ಯಗಳು ಮೊಳಗಿ ಅವನ ಸುಳ್ಳಿಗೆ ಸೆರಗು ಹೊದಿಸುತ್ತಿದ್ದವು. ಇಲ್ಲಿ ವಾದ್ಯವೇ ಇರಲಿಲ್ಲ. ಇದ್ದದ್ದು ಬರೀ ನಿಜದ ಸದ್ದು. ಒಂದು ನೊಣ ಬಂದು ಕೂತ ಸದ್ದು, ಇನ್ನೊಂದು, ಹತ್ತು, ನೂರು. ಅದರ ಕೆಳಗೆ ಇನ್ನೇನೋ, ಒದ್ದೆ ಕಾಗದವನ್ನು ಮೆಲ್ಲಗೆ ಹಿಸುಕಿದಂತೆ.

"ಹಾರಿ ಹೋಯ್ತು ಅಂದೆ" ಎಂದಳು ಅಕ್ಕ. "ಈ ನೊಣ ಯಾಕೆ?"

ಮೈಕಣ್ಣ ಪರದೆಯಿಂದ ಕಣ್ಣು ತಿರುಗಿಸಿದ.

"ಬೇಕರಿಯಲ್ಲಿ ಇಲಿ ಸತ್ತಾಗ ಕೇಳಿದೀನಿ ಕಣೋ ಈ ಸದ್ದು. ನೋಡಿದ್ದನ್ನ ಹೇಳು."

"ಸತ್ತಿದೆ ಅಕ್ಕ."

"ಸರಿ. ಮುಂದೆ?"

ಮುಂದೆ ಹೇಳಬೇಕಾಯಿತು. ಕಣ್ಣು ಮುಚ್ಚಿಕೊಳ್ಳೋಣವೆಂದರೆ ಅಕ್ಕನ ಐದು ಬೆರಳು ಅವನ ಮಣಿಕಟ್ಟಿನ ಮೇಲಿದ್ದವು. ಮೂವತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ಅವನು ಇಂಥದ್ದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಹುಳುಗಳು ಬಂದವು ಎಂದ. ಎಷ್ಟು ಎಂದಳು. ಲೆಕ್ಕವಿಲ್ಲ, ಎಲ್ಲ ಒಟ್ಟಿಗೆ ಅಲುಗುತ್ತಿವೆ, ಗಾಳಿಗೆ ಪೈರು ಅಲುಗಿದ ಹಾಗೆ ಎಂದ. ಆ ಮಾತು ಬಾಯಿಂದ ಬಿದ್ದ ಮೇಲೆ ತಾನೇ ಬೆಚ್ಚಿದ. ಅಸಹ್ಯವೆಂದು ಹೇಳಹೊರಟವನ ಬಾಯಲ್ಲಿ ಪೈರು ಹೇಗೆ ಬಂತು? ಆದರೆ ಅದು ಇದ್ದದ್ದೇ ಹಾಗೆ. ಸತ್ತ ಹಕ್ಕಿ ಉಸಿರಾಡುತ್ತಿರುವಂತೆ ಏರಿಳಿಯುತ್ತಿತ್ತು. ಪುಕ್ಕ ತಗ್ಗಿತು. ಪಕ್ಕೆಲುಬು ಎದ್ದಿತು, ಬುಟ್ಟಿ ಹೆಣೆಯಲು ತೊಡಗಿ ಅರ್ಧಕ್ಕೆ ಬಿಟ್ಟ ಹಾಗೆ. ಆ ಬುಟ್ಟಿಯ ನಡುವಿನಿಂದ ಹಸಿರು ಮೂತಿಯೊಂದು ಹೊರಬಂತು.

"ಹುಲ್ಲು, ಅಕ್ಕ! ಎದೆಯೊಳಗಿಂದ ಬರ್ತಿದೆ!"

ಪಕ್ಕದ ಸಾಲಿನಲ್ಲಿದ್ದ ಇಬ್ಬರು, ಮೊದಲು 'ಶ್' ಎಂದು ಗದರಿದ್ದವರೇ, ಈಗ ಎದ್ದು ಬಂದು ಅವನ ಹಿಂದೆ ಕುಳಿತರು. ಅವನಿಗೆ ಅದರ ಪರಿವೆಯಿರಲಿಲ್ಲ. ಹುಲ್ಲಿಗೆ ಹಸಿರು ಹುಳ ಬಂತು. ಹುಳ ತಿನ್ನಲು ಒಂದು ಹಕ್ಕಿ ಬಂತು, ಗುಬ್ಬಿಗಿಂತ ದೊಡ್ಡದು, ಪಾರಿವಾಳಕ್ಕಿಂತ ಚಿಕ್ಕದು. ಅದು ಕೊಕ್ಕಿನಲ್ಲಿ ಹಿಡಿದುಕೊಂಡು ಹೋದದ್ದು ಗೂಡಿಗೆ. ಗೂಡಿನಲ್ಲಿ ಒಂದು ಮರಿ, ಇನ್ನೂ ಒಡೆಯದ ಒಂದು ಮೊಟ್ಟೆ. ಅಲ್ಲಿಗೆ ಮತ್ತೆ ಕತ್ತಲೆ. ದೀಪ ಹೊತ್ತಿಕೊಂಡರೂ ಇಬ್ಬರೂ ಏಳಲಿಲ್ಲ.

"ಅದು ಸತ್ತದ್ದನ್ನ ನೀನು ಹೇಳದೇ ಹೋಗಿದ್ರೆ" ಎಂದಳು ಅಕ್ಕ ನಿಧಾನವಾಗಿ, "ಆ ಹುಲ್ಲು ಎಲ್ಲಿಂದ ಬರ್ತಿತ್ತು?"

ಮನೆಗೆ ಮರಳುವ ಬಸ್ಸಿನಲ್ಲಿ ಅಕ್ಕ ಒಮ್ಮೆಲೇ ಕೇಳಿದಳು. "ಆ ನರ್ಸು?"

ಯಾವ ನರ್ಸೆಂದು ಅವನಿಗೆ ತಕ್ಷಣ ಗೊತ್ತಾಯಿತು. ಇಪ್ಪತ್ತು ವರ್ಷದ ಹಿಂದಿನ ಸಿನಿಮಾ. ಕೊನೆಯಲ್ಲಿ ನರ್ಸು ಹೊಳೆಯಲ್ಲಿ ಮುಳುಗಿ ಸಾಯುತ್ತಾಳೆ. ಅಂಬಿಗನೊಬ್ಬ ಅವಳನ್ನು ಎತ್ತಿಕೊಂಡನೆಂದು ಮೈಕಣ್ಣ ಹೇಳಿದ್ದ. ಮರುದಿನ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದವನು "ಪಾಪ, ಆ ನರ್ಸು ಸಾಯಬಾರದಿತ್ತು" ಎಂದಿದ್ದ. "ಸಾಯಲಿಲ್ಲ" ಎಂದಿದ್ದಳು ಅಕ್ಕ. ಮಾತಿಗೆ ಮಾತು ಬೆಳೆದು, "ಕಣ್ಣಿಲ್ಲದವಳಿಗೆ ಎಷ್ಟು ಹಟ" ಎಂದು ಅವನು ಅಂದದ್ದಕ್ಕೆ, "ನನ್ನ ತಮ್ಮನಿಗಿದೆಯಲ್ಲ ಕಣ್ಣು" ಎಂದು ಇವಳು ತಿರುಗಿ ಕೊಟ್ಟು, ಒಂದು ವರ್ಷ ಇಬ್ಬರ ನಡುವೆ ಮಾತೇ ಇರಲಿಲ್ಲ.

"ಸತ್ತಳು" ಎಂದ ಮೈಕಣ್ಣ.

"ಆ ಸೈನಿಕ?"

"ಅವನೂ."

"ಮೂರು ಮಕ್ಕಳ ಅಪ್ಪ, ಹಡಗು ಹತ್ತಿ ಹೋದನಲ್ಲ?"

"ಹಡಗು ಇರಲಿಲ್ಲ ಅಕ್ಕ."

"ಮೂವತ್ತೇಳು ವರ್ಷ" ಎಂದಳು ಅಕ್ಕ, "ನನ್ನ ಕಿವಿಗೆ ಹೂ ಮುಡಿಸಿದೆ." ಇಳಿಯುವಾಗ ಅವನು ಚಾಚಿದ ಕೈಯನ್ನು ಹಿಡಿಯದೆ ಕಂಬಿ ತಡವಿಕೊಂಡು ಇಳಿದಳು.

ಎರಡು ದಿನ ಮಹಡಿಯ ಬಾಗಿಲು ಅವನ ಪಾಲಿಗೆ ತೆರೆಯಲಿಲ್ಲ. ಹೆಂಡತಿ ತಟ್ಟೆ ತೆಗೆದುಕೊಂಡು ಹೋಗಿ ಇಳಿದು ಬಂದು, "ಊಟ ತಗೊಂಡ್ರು, ನಿಮ್ಮ ಹೆಸರು ತಗೊಳ್ಳಲಿಲ್ಲ" ಎಂದಳು. ಮೈಕಣ್ಣ ನಿಲ್ದಾಣದಲ್ಲಿ ಏಳನೇ ಪ್ಲಾಟ್‌ಫಾರಂನ ಬಸ್ಸನ್ನು ಒಂಬತ್ತಕ್ಕೆ ಕಳಿಸಿ ಒಬ್ಬ ಚಾಲಕನಿಂದ ಬೈಸಿಕೊಂಡ. ಅಕ್ಕನಿಗೆ ಬಂದ ಸಿಟ್ಟು ನಿಜವಾದದ್ದು, ಅದನ್ನು ತಣಿಸುವ ಮಾತು ತನ್ನಲ್ಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಬುಧವಾರ ಕೆಲಸ ಮುಗಿದ ಮೇಲೆ ಅಕ್ಕ ಒಂದು ಬ್ರೆಡ್ಡು ಕಟ್ಟಿಸಿಕೊಂಡು, ಬೇಕರಿಯ ಹುಡುಗಿಯೊಬ್ಬಳ ಕೈ ಹಿಡಿದು ಆ ಒಲೆಯವನ ಮನೆಗೆ ಹೋದಳು. ಅವನು ನಿವೃತ್ತನಾಗಿ ಎಂಟು ವರ್ಷವಾಗಿತ್ತು. "ನಿನ್ನ ಮಾತೇ ಸರಿ. ಆ ನರ್ಸು ಸತ್ತಿದ್ಲು. ತಪ್ಪಾಯ್ತು" ಎಂದಳು ನಿಂತಲ್ಲೇ.

ಮುದುಕ ಕಿವಿಗೆ ಕೈ ಹಚ್ಚಿ ಕೇಳಿ, ತಲೆ ಕೆರೆದುಕೊಂಡ. "ಯಾವ ನರ್ಸಮ್ಮಾ? ನಮ್ಮ ಪೈಕಿಯವಳಾ?"

ಅಕ್ಕ ಮೊದಲು ದಂಗಾದಳು. ಆಮೇಲೆ ನಗು ಒತ್ತರಿಸಿ ಬಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಇಬ್ಬರೂ ಬ್ರೆಡ್ಡು ಮುರಿದು ತಿಂದರು.

ಅಂದು ಸಂಜೆ ಅವಳು ತಾನಾಗಿ ಕೆಳಗಿಳಿದು ಬಂದು ಮೈಕಣ್ಣನ ಎದುರು ಕುರ್ಚಿ ಎಳೆದುಕೊಂಡಳು. ನಗು ಮುಖದಲ್ಲಿ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಅಮ್ಮನದು ಹೇಳು."

"ಅಕ್ಕ..."

"ನೀನು ಒಳಗಿದ್ದೆ. ನನ್ನನ್ನ ಹೊರಗೆ ಕೂರಿಸಿದ್ರು. ನಿದ್ದೆಯಲ್ಲಿ ಹೋದ್ಲು, ಏನೂ ಗೊತ್ತಾಗ್ಲಿಲ್ಲ ಅಂದೆ. ಹನ್ನೊಂದು ವರ್ಷದವನು, ಅಷ್ಟು ಚೆನ್ನಾಗಿ ಹೇಳಿದೆ. ಈಗ ನೋಡಿದ್ದನ್ನ ಹೇಳು."

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. ಮೈಕಣ್ಣ ಸಿನಿಮಾ ಹೇಳುವ ತಗ್ಗಿದ ದನಿಯಲ್ಲೇ ಶುರುಮಾಡಿದ.

"ಮಧ್ಯಾಹ್ನ. ಕಿಟಕಿ ತೆರೆದಿತ್ತು. ಕಣ್ಣು ಅರ್ಧ ತೆರೆದಿತ್ತು, ನನ್ನನ್ನ ನೋಡ್ತಿರಲಿಲ್ಲ. ಉಸಿರು ಬರ್ತಿತ್ತು, ನಿಲ್ತಿತ್ತು. ನಿಂತಾಗೆಲ್ಲ ನಾನು ಎಣಿಸ್ತಿದ್ದೆ. ಆರು ಎಣಿಸೋಷ್ಟರಲ್ಲಿ ಬಂತು. ಆಮೇಲೆ ಹನ್ನೊಂದಕ್ಕೆ ಬಂತು. ಆಮೇಲೆ ಹತ್ತೊಂಬತ್ತು. ಅದಾದ ಮೇಲೆ ನೂರರ ತನಕ ಎಣಿಸಿದೆ. ಮತ್ತೆ ಒಂದರಿಂದ ಎಣಿಸಿದೆ, ಎಲ್ಲಾದ್ರೂ ತಪ್ಪಿರಬಹುದು ಅಂತ."

"ಕೈ?"

"ಬೆಚ್ಚಗಿತ್ತು. ಬಹಳ ಹೊತ್ತು ಬೆಚ್ಚಗೇ ಇತ್ತು. ಹೆಬ್ಬೆರಳ ಹತ್ರ ಸೌದೆ ಸೀಳುವಾಗ ಆದ ಗಾಯ ಇತ್ತಲ್ಲ, ಅದು ಅರ್ಧ ಮಾಗಿತ್ತು."

ಅಕ್ಕ ಅತ್ತಳು. ಆದರೆ ಉಸಿರು ಕಟ್ಟಲಿಲ್ಲ, ಏಳಲಿಲ್ಲ, ಬೀಳಲಿಲ್ಲ. ಮೈಕಣ್ಣನೂ ಅತ್ತ. ಮನೆಯಲ್ಲಿ ಅವನು ಅಷ್ಟು ಮಾತಾಡಿದ್ದನ್ನು ಹೆಂಡತಿ ಕೇಳಿದ್ದು ಅದೇ ಮೊದಲು. ಎದ್ದು ಬಂದು ಇಬ್ಬರ ನಡುವೆ ನೀರಿನ ಚೊಂಬು ಇಟ್ಟು, ತಾನೂ ಅಲ್ಲೇ ಕುಳಿತಳು.

ಕಣ್ಣೊರೆಸಿಕೊಂಡು ಅಕ್ಕ ಹೇಳಿದ್ದು ಒಂದೇ ಮಾತು. "ಶುಕ್ರವಾರ ಕೊನೆಯ ಆಟ. ಹೋಗೋಣ. ಈ ಸಲ ಒಂದು ಹುಳ ಕೂಡ ಬಿಡಬೇಡ."

ಶುಕ್ರವಾರ ಇಪ್ಪತ್ತು ಜನರಿದ್ದರು. ಅವರಲ್ಲಿ ಭಾನುವಾರದ ಮುಖಗಳು ಏಳೆಂಟಿದ್ದವು, ಅವೆಲ್ಲ ಬಂದು ಇವರ ಸುತ್ತಲೇ ಕುಳಿತವು. ಕತ್ತಲೆಯಾಯಿತು. ಮೊಟ್ಟೆಯ ಕಿಟಕಿ ತೆರೆಯಿತು. ಭಾನುವಾರ 'ಹಳದಿ, ಹಳದಿ' ಎಂದು ಆಕಳಿಸಿದ್ದ ಜಾಗದಲ್ಲಿ ಮೈಕಣ್ಣ ಈ ಸಲ ಕಣ್ಣು ನೆಟ್ಟು ಕುಳಿತ. ಹಳದಿಯ ಮೇಲೆ ಕೂದಲಿಗಿಂತ ಸಣ್ಣ ಎಳೆಗಳು ಮೂಡುತ್ತಿದ್ದವು. ನಡುವೆ ಒಂದು ಚುಕ್ಕಿ, ಸಾಸಿವೆಯಷ್ಟೂ ಇಲ್ಲ. ಇನ್ನೂ ತಲೆಯಿಲ್ಲ, ಕಾಲಿಲ್ಲ, ಹಕ್ಕಿ ಎನ್ನಲು ಏನೂ ಇಲ್ಲ.

"ಒಂದು ಚುಕ್ಕಿ ಇದೆ ಅಕ್ಕ. ಸುಮ್ಮನಿದೆ." ಅವನು ಅವಳ ಅಂಗೈ ತೆರೆದು ನಡುವೆ ಬೆರಳತುದಿ ಇಟ್ಟ. "ಸುಮ್ಮನಿದೆ. ಸುಮ್ಮನಿದೆ. ಸುಮ್ಮ..."

ಚುಕ್ಕಿ ಮಿಡಿಯಿತು.

ಬೆರಳಿನಿಂದ ಅವಳ ಅಂಗೈಯನ್ನು ಒಮ್ಮೆ ಒತ್ತಿದ. ಬಿಡುವು. ಮತ್ತೆ ಒತ್ತಿದ. ಪರದೆಯ ಮೇಲೆ ಅದು ತಡವರಿಸುತ್ತ, ಮರೆತು ನೆನಪಿಸಿಕೊಂಡವರ ಹಾಗೆ ಹೊಡೆದುಕೊಳ್ಳುತ್ತಿತ್ತು. ಬರಬರುತ್ತ ಲಯ ಹಿಡಿಯಿತು.

"ಎದೆಯಾ?" ಎಂದಳು ಅಕ್ಕ, ಉಸಿರಿನಷ್ಟೇ ದನಿಯಲ್ಲಿ.

"ಹೂಂ."

"ಹಕ್ಕಿ ಎಲ್ಲಿ?"

"ಹಕ್ಕಿ ಇನ್ನೂ ಇಲ್ಲ ಅಕ್ಕ. ಎದೆ ಮಾತ್ರ ಶುರುವಾಗಿದೆ."

ಅಕ್ಕನ ಬಾಯಿ ತೆರೆದೇ ಉಳಿಯಿತು. ಅವಳು ಇನ್ನೊಂದು ಕೈಯನ್ನು ತಂದು ಅವನ ಬೆರಳ ಮೇಲೆ ಮುಚ್ಚಿದಳು. ಸುತ್ತ ಕುಳಿತವರಲ್ಲಿ ಒಬ್ಬರೂ ಅಲುಗಲಿಲ್ಲ.

ಆಟ ಮುಗಿದ ಮೇಲೆ ಕೊನೆಯ ಸಾಲಿನಿಂದ ಬಿಳಿಕೂದಲಿನ ಹೆಂಗಸೊಬ್ಬಳು ಎದ್ದು ಬಂದಳು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಈ ಸಿನಿಮಾ ಅವಳದೇ, ಮನೆಯ ತಾರಸಿಯ ಮೇಲೆ ಆರು ವರ್ಷ ಕೂತು ತೆಗೆದದ್ದು. "ನೋಡಿ ನೋಡಿ ನನಗೇ ಮರೆತು ಹೋಗಿತ್ತು, ಏನು ತೆಗೆದಿದೀನಿ ಅಂತ. ಇವತ್ತು ನಿಮ್ಮಿಂದ ಕೇಳಿದೆ" ಎಂದಳು. ಅವನ ದನಿಯನ್ನು ಮುದ್ರಿಸಿ ಸಿನಿಮಾದ ಜೊತೆ ಕಳಿಸಬಹುದೇ, ಕಣ್ಣಿಲ್ಲದವರಿಗೆ ಆಗುತ್ತದೆ ಎಂದು ಕೇಳಿದಳು. ಮೈಕಣ್ಣ ಸಂಕೋಚದಿಂದ ಹಲ್ಲುಗಿಂಜಿದ.

"ಮುದ್ರಿಸಿ" ಎಂದಳು ಅಕ್ಕ. "ಆದರೆ ಪಕ್ಕದಲ್ಲಿ ನಾನಿರ್ತೀನಿ. ಇವನದು ಒಂಟಿಯಾಗಿ ಬಿಟ್ರೆ ಹಕ್ಕಿ ಹಾರಿ ಹೋಗುತ್ತೆ."

ಮುಂದಿನ ವಾರ ಆ ಸಿನಿಮಾ ಬೇರೆ ಊರಿಗೆ ಹೋಯಿತು. ಇವರೂ ಹಿಂದೆಯೇ ಹೋದರು. ಆಮೇಲೂ ಇಂಥವು ಎಲ್ಲಿ ಬಂದರೂ ಹುಡುಕಿಕೊಂಡು ಹೋಗುತ್ತಿದ್ದರು. ಬೂಷ್ಟಿನದೊಂದು, ಮಂಜುಗಡ್ಡೆಯದೊಂದು, ಒಬ್ಬ ಮುದುಕನ ಚರ್ಮದ ಮೇಲೆ ಒಂದು ಗಂಟೆ ನಡೆಯುವುದೊಂದು. ಎಲ್ಲವೂ ಚೆನ್ನಾಗಿರಲಿಲ್ಲ. ಕೆಲವಕ್ಕೆ ಅಕ್ಕ ಗೊರಕೆ ಹೊಡೆದದ್ದೂ ಉಂಟು. ಅದರಲ್ಲೇನಿದೆ ಅಂತ ಹೋಗ್ತೀರಿ ಎಂದು ತಮ್ಮನ ಹೆಂಡತಿ ಕೇಳಿದರೆ, "ಬೇರೆ ಸಿನಿಮಾದಲ್ಲಿ ಮುಂದೇನು ಅಂತ ಕೇಳ್ತೀನಿ. ಇದರಲ್ಲಿ ಈಗೇನು ಅಂತ ಕೇಳ್ತೀನಿ. ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದಳು.

ಅದೆಲ್ಲ ಆಮೇಲಿನ ಮಾತು. ಶುಕ್ರವಾರದ ಆ ಆಟದ ಮರುದಿನ ಬೆಳಗ್ಗೆ ಅವಳು ಬೇಕರಿಗೆ ಹೋದವಳೇ, ಹಿಟ್ಟಿನ ಮೇಜಿನ ಮುಂದೆ ನಿಂತು, ತೋಳೇರಿಸುವುದನ್ನೂ ಮರೆತು, ಹಕ್ಕಿಗಿಂತ ಮೊದಲು ಎದೆ ಹೇಗೆ ಶುರುವಾಯಿತೆಂದು ಹೇಳತೊಡಗಿದಳು. ಸಕ್ಕರೆ ತೂಗುವವಳು ಕೈ ನಿಲ್ಲಿಸಿದಳು, ತಟ್ಟೆ ತೊಳೆಯುವವನು ನಲ್ಲಿ ನಿಲ್ಲಿಸಿದ, ಲೆಕ್ಕದವನು ಎದ್ದು ಬಂದು ಬಾಗಿಲಿಗೆ ಒರಗಿ ನಿಂತ. ಅಕ್ಕ ಒಬ್ಬೊಬ್ಬರನ್ನೂ ಹತ್ತಿರ ಕರೆದು, ಅಂಗೈ ತೆರೆಸಿ, ಬೆರಳತುದಿ ಇಟ್ಟು ತೋರಿಸಿದಳು: ಸುಮ್ಮನಿದೆ, ಸುಮ್ಮನಿದೆ, ಈಗ. ಒಲೆಯೊಳಗಿದ್ದ ಒಂದು ತಟ್ಟೆ ಬನ್ನು ಪೂರಾ ಕರಿಯಾದದ್ದು ಹೊಗೆ ಮೂಗಿಗೆ ಬಡಿಯುವವರೆಗೆ ಯಾರಿಗೂ ಗೊತ್ತಾಗಲಿಲ್ಲ.